ಊರಿಗೆ ತಿಳಿಯದ ಹಾಗೆ ನಿದ್ದೆಗೆ ಚಿಕಿತ್ಸೆ ಪಡೆಯಬಹುದೆ?

ಪ್ರಶ್ನೆ: ನನಗೆ 47 ವರ್ಷ. ಮನೆ ಕುಕ್ಕುಂದೂರಿನಲ್ಲಿ. ಯಜಮಾನರು ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, 82 ವರ್ಷದ ಅತ್ತೆ, ಪಿಯುಸಿ ಓದುವ ಮಗ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೆ ಸಂಬಂಧ ನೋಡುತ್ತಾ ಇದ್ದೇವೆ. ಕಳೆದ ಮಳೆಗಾಲದಿಂದ ನನಗೆ ನಿದ್ದೆ ಎಂಬುದೇ ಇಲ್ಲ. ಒಂಬತ್ತೂವರೆಗೆ ಮಲಗಿದರೂ ಕಣ್ಣು ಹತ್ತುವುದಿಲ್ಲ. ಅವರ ಡ್ಯೂಟಿ ಮುಗಿದು ಫೋನ್ ಬರುವಾಗ ಇಲ್ಲಿ ಹನ್ನೊಂದು. ಮನೆ ಸಾಲ, ಮದುವೆ ಖರ್ಚು ಎಲ್ಲ ಮಾತು ಆಗಲೇ. ಅತ್ತೆ ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳುತ್ತಾರೆ, ಹಿಡಿದುಕೊಳ್ಳಲು ನಾನೇ ಬೇಕು. ನಾಲ್ಕು ಗಂಟೆಗೆ ಎದೆ ಡವಡವ ಅಂದು ಎಚ್ಚರ ಆಗ್ತದೆ, ಮತ್ತೆ ನಿದ್ದೆ ಇಲ್ಲ. ಕೆಲವು ತಿಂಗಳಿನಿಂದ ಪರಿಚಯದ ಮೆಡಿಕಲ್‌ನಿಂದ ಅಲ್ಪ್ರಜೋಲಾಂ ಮಾತ್ರೆ ತಂದು ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಅರ್ಧ ಸಾಕಿತ್ತು, ಈಗ ಒಂದು ಬೇಕು. ಮಗಳಿಗೆ ಗೊತ್ತಾಗಿ ಬೈದಳು. ಬೆಂಗಳೂರಿನ ಡಾಕ್ಟರೊಬ್ಬರು ನಿದ್ದೆ ಮತ್ತು ಒತ್ತಡಕ್ಕೆಂದು ಆನ್‌ಲೈನ್‌ನಲ್ಲಿ ಗುಂಪು ಚಿಕಿತ್ಸೆ ಮಾಡುತ್ತಾರಂತೆ. ವಾರಕ್ಕೊಂದು ಸಂಜೆ, ಎಂಟು ವಾರ, ಎಂಟು ಹತ್ತು ಜನ. ಅದಕ್ಕೆ ಸೇರು ಅಂತ ಹಟ ಹಿಡಿದಿದ್ದಾಳೆ. ಆದರೆ ಅದರಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ? ತಲೆ ಸರಿ ಇಲ್ಲದವರ ಮನೆ ಅಂತ ಸುದ್ದಿಯಾದರೆ ಮಗಳ ಸಂಬಂಧಕ್ಕೆ ತೊಂದರೆಯಾಗದೆ? ನಾಲ್ಕು ಜನರ ಎದುರು ಮನೆಯ ಕಷ್ಟ ಹೇಳುವುದು ಸರಿಯೆ? ಅದು ಚಿಕಿತ್ಸೆಯೋ ಭಾಷಣವೋ ಅದೂ ತಿಳಿಯದು.

ಹೆಸರು ಬೇಡ, ಕುಕ್ಕುಂದೂರು

ಉತ್ತರ: ಅಕ್ಕ, ನಿಮ್ಮ ಭಯದಲ್ಲಿ ತಪ್ಪೇನೂ ಇಲ್ಲ. ಜೋಡುರಸ್ತೆಯಲ್ಲಿ ಬಸ್ಸಿಗೆ ನಿಂತರೆ ‘ಎಲ್ಲಿಗೆ ಹೊರಟದ್ದು’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕಾರ್ಕಳದ ಯಾವ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತರೂ ಪಕ್ಕದಲ್ಲಿ ಒಬ್ಬರು ಗುರುತಿನವರು. ಮಣಿಪಾಲಕ್ಕೆ ಹೋದರೂ ಲಿಫ್ಟಿನಲ್ಲಿ ನಿಮ್ಮ ಮನೆಹೆಸರು ಬಲ್ಲವರು ಸಿಗುತ್ತಾರೆ. ಇಂಥ ಊರಿನಲ್ಲಿ ಮದುವೆ ಮಾತುಕತೆಯ ಹೊತ್ತಿಗೆ ತಾಯಿಯಾದವಳು ಅಂಜುವುದು ಸಹಜ. ‘ಯಾರು ಏನೆಂದರೆ ನಿಮಗೇನು’ ಎಂದು ಸುಲಭದ ಧೈರ್ಯ ಹೇಳಲು ನನಗೆ ಮನಸ್ಸಿಲ್ಲ. ಆ ಮಾತಿನ ಬೆಲೆ ತೆರಬೇಕಾದವರು ನೀವು, ನಾನಲ್ಲ.

ಆದರೆ ನಿಮ್ಮ ಭಯಕ್ಕೆ ನಿಮ್ಮ ಮಗಳು ತೋರಿಸಿದ ದಾರಿಯಲ್ಲೇ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಆನ್‌ಲೈನ್ ಚಿಕಿತ್ಸೆಯಿಂದ ಬಸ್ ಖರ್ಚು ಉಳಿಯುತ್ತದೆ, ದೂರ ಹೋಗಬೇಕಾಗಿಲ್ಲ ಎಂದೇ ಎಲ್ಲರೂ ಹೇಳುವುದು. ನಿಮ್ಮಂಥವರಿಗೆ ಅದರ ದೊಡ್ಡ ಉಪಕಾರ ಬೇರೆ: ನಿಮ್ಮ ಮನೆ ಯಾವುದು, ಅತ್ತೆ ಯಾರು, ಯಜಮಾನರು ಎಲ್ಲಿ ಎಂದು ಒಂದಿಷ್ಟೂ ಗೊತ್ತಿಲ್ಲದ, ಆದರೆ ನಿಮ್ಮ ಹಾಗೆಯೇ ನಾಲ್ಕು ಗಂಟೆಗೆ ಎದ್ದು ಕೂರುವ ಹತ್ತು ಜನರ ನಡುವೆ ನೀವು ಕುಳಿತುಕೊಳ್ಳಬಹುದು. ಊರಿನೊಳಗೆ ಅದು ಸಾಧ್ಯವೇ ಇಲ್ಲ. ಹುಬ್ಬಳ್ಳಿಯವರೊಬ್ಬರು, ಮೈಸೂರಿನವರೊಬ್ಬರು, ಬೆಂಗಳೂರಿನ ಇಬ್ಬರು ಇರುವ ಗುಂಪಿನಲ್ಲಿ ಕುಕ್ಕುಂದೂರು ಎಂಬ ಹೆಸರನ್ನೇ ಕೆಲವರು ಕೇಳಿರಲಿಕ್ಕಿಲ್ಲ. ಆದ್ದರಿಂದ ನನ್ನ ಸಲಹೆ, ಸೇರಿ. ಸೇರುವ ಮೊದಲು ಒಂದಿಷ್ಟು ವಿಚಾರಿಸಿಕೊಳ್ಳಿ, ಅದನ್ನು ಮುಂದೆ ಹೇಳುತ್ತೇನೆ.

ಇದು ಭಾಷಣವಲ್ಲ. ಗುಂಪು ಸಮಾಲೋಚನೆಯಲ್ಲಿ ವೈದ್ಯರು ಒಬ್ಬೊಬ್ಬರನ್ನೂ ಮಾತನಾಡಿಸುತ್ತಾರೆ, ಅವರ ನಿದ್ದೆಯ ದಿನಚರಿ ನೋಡುತ್ತಾರೆ, ಅವರವರಿಗೆ ಬೇಕಾದ ಬದಲಾವಣೆ ಹೇಳುತ್ತಾರೆ. ಉಳಿದವರು ಕೇಳಿಸಿಕೊಳ್ಳುತ್ತಾರೆ, ನಡುವೆ ತಮ್ಮ ಅನುಭವ ಸೇರಿಸುತ್ತಾರೆ. ಸಾಮಾನ್ಯ ಓಪಿಡಿಯಲ್ಲಿ ನಿಮಗೆ ಐದು ನಿಮಿಷ ಸಿಕ್ಕಿದರೆ ದೊಡ್ಡದು. ಇಲ್ಲಿ ಒಂದೂವರೆ ಗಂಟೆ ವೈದ್ಯರ ಎದುರು ಇರುತ್ತೀರಿ, ನೀವು ಕೇಳಲು ಹಿಂಜರಿದ ಪ್ರಶ್ನೆಯನ್ನು ಬೇರೆ ಯಾರೋ ಕೇಳಿಬಿಡುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಸಂಸ್ಥೆಯ ಮನಶ್ಶಾಸ್ತ್ರಜ್ಞ ಎಡ್ವರ್ಡ್ ನಾಫ್‌ಸಿಂಗರ್ ಈ ಪದ್ಧತಿಯ ಒಂದು ರೂಪವನ್ನು 1996ರಲ್ಲಿ ಆರಂಭಿಸಿದರು. ಒತ್ತಡಕ್ಕೆ ಎಂಟು ವಾರಗಳ ಗುಂಪು ತರಬೇತಿ ಅದಕ್ಕಿಂತ ಹಳೆಯದು. ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರು ಮಾಡಿದ್ದು. ನಿಮ್ಮ ಮಗಳು ಹೇಳಿದ ಎಂಟು ವಾರದ ಲೆಕ್ಕ ಬಹುಶಃ ಅಲ್ಲಿಂದಲೇ ಬಂದದ್ದು.

ನಮ್ಮ ಹತ್ತಿರದಲ್ಲೇ ನಡೆದ ಒಂದು ಪ್ರಯೋಗ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಸಾವಿರ ಗ್ಲಾಕೋಮಾ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಎಂದಿನಂತೆ ಒಬ್ಬೊಬ್ಬರಾಗಿ, ಇನ್ನೊಂದು ಪಾಲನ್ನು ಗುಂಪುಗಳಲ್ಲಿ ವೈದ್ಯರು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗುಂಪಿನಲ್ಲಿದ್ದವರಿಗೆ ತಮ್ಮ ಕಾಯಿಲೆಯ ಬಗ್ಗೆ ಹೆಚ್ಚು ತಿಳಿವಳಿಕೆ ಬಂತು, ತೃಪ್ತಿಯೂ ಹೆಚ್ಚಿತ್ತು, ಔಷಧವನ್ನೂ ಹೆಚ್ಚು ಕ್ರಮವಾಗಿ ಬಳಸಿದರು. ಅದು ಕಣ್ಣಿನ ವಿಷಯ, ಎದುರೆದುರು ಕುಳಿತು ಮಾಡಿದ್ದು, ನಿಜ. ಆದರೂ ನಾಲ್ಕು ಜನರ ಎದುರು ಕಾಯಿಲೆಯ ಮಾತಾಡಲು ನಮ್ಮ ಕಡೆಯವರು ಒಪ್ಪಲಿಕ್ಕಿಲ್ಲ ಎಂಬ ಅನುಮಾನಕ್ಕೆ ಅಲ್ಲಿ ಉತ್ತರ ಸಿಕ್ಕಿದೆ.

ಅಷ್ಟು ದೂರ ಹೋಗುವುದೂ ಬೇಡ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ನಮ್ಮ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ನೀವು ನೋಡಿರುತ್ತೀರಿ. ಒಬ್ಬೊಬ್ಬನೇ ಎಷ್ಟು ಸಲ ಆಣೆ ಹಾಕಿದರೂ ಬಿಡಲಾಗದ ಕುಡಿತವನ್ನು ಹತ್ತಾರು ಜನ ಒಟ್ಟಿಗೆ ಕುಳಿತು ಬಿಟ್ಟದ್ದುಂಟು, ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಯ ಸಭೆಗಳಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದ್ದುಂಟು. ನೀವು ಸ್ವಸಹಾಯ ಸಂಘದಲ್ಲಿದ್ದರೆ ವಾರದ ಸಭೆಯ ರುಚಿ ನಿಮಗೆ ಗೊತ್ತೇ ಇದೆ. ಮುಂದಿನ ವಾರ ಹೋಗಿ ಹೇಳಬೇಕಲ್ಲ ಎಂಬ ಒಂದು ನೆನಪು ಆರು ದಿನ ನಮ್ಮಿಂದ ಕೆಲಸ ಮಾಡಿಸುತ್ತದೆ. ನಿದ್ದೆಯ ಚಿಕಿತ್ಸೆಗೆ ಬೇಕಾದದ್ದು ಮುಖ್ಯವಾಗಿ ಅದೇ. ಏಕೆಂದರೆ ಈ ಚಿಕಿತ್ಸೆಯ ಮೊದಲ ಎರಡು ವಾರ ಕಷ್ಟದ್ದು. ಒಂಟಿಯಾಗಿ ಮಾಡಲು ಹೊರಟವರು ಹೆಚ್ಚಾಗಿ ಕೈಬಿಡುವುದು ಆಗಲೇ.

ಕಷ್ಟ ಏನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿ, ಹಗಲಿನ ಕೆಲಸಕ್ಕೂ ತೊಂದರೆಯಾದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ನಿಮ್ಮದು ಆ ಗಡಿ ದಾಟಿದ ಹಾಗೆ ಕಾಣುತ್ತದೆ. ಇದಕ್ಕೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಒಳ್ಳೆಯ ಗುಂಪುಗಳಲ್ಲಿ ಕಲಿಸುವುದು ಇದನ್ನೇ. ಇದರ ತಿರುಳು ನಾವು ಅಂದುಕೊಂಡದ್ದಕ್ಕೆ ತೀರಾ ಉಲ್ಟಾ. ನಿದ್ದೆ ಬರುವುದಿಲ್ಲವೆಂದು ನೀವು ಬೇಗ ಮಲಗುತ್ತೀರಿ. ಒಂಬತ್ತೂವರೆಯಿಂದ ಹಾಸಿಗೆಯಲ್ಲಿ ಹೊರಳುತ್ತೀರಿ. ಹೀಗೆ ತಿಂಗಳುಗಟ್ಟಲೆ ನಡೆದಾಗ ಹಾಸಿಗೆ ಎಂದರೆ ಚಿಂತೆ ಮಾಡುವ ಜಾಗ ಎಂದು ಮೈಗೆ ಅಭ್ಯಾಸವಾಗಿಬಿಡುತ್ತದೆ. ಹಾಗಾಗಿ ಚಿಕಿತ್ಸೆಯಲ್ಲಿ ಮೊದಲು ಹಾಸಿಗೆಯ ಸಮಯವನ್ನೇ ಕಡಿಮೆ ಮಾಡುತ್ತಾರೆ. ಕಣ್ಣು ಎಳೆಯುವ ತನಕ ಮಲಗುವಂತಿಲ್ಲ. ಮಲಗಿ ಇಪ್ಪತ್ತು ನಿಮಿಷದಷ್ಟಾದರೂ ನಿದ್ದೆ ಬಾರದಿದ್ದರೆ ಎದ್ದು ಚಾವಡಿಗೆ ಬಂದು ಮಂದ ಬೆಳಕಿನಲ್ಲಿ ಕುಳಿತುಕೊಳ್ಳಬೇಕು, ಮೊಬೈಲ್ ಮುಟ್ಟಬಾರದು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ. ಮಧ್ಯಾಹ್ನ ಊಟದ ಮೇಲೆ ಅಡ್ಡಾಗುವುದೂ ಇಲ್ಲ.

ನಿಮ್ಮ ಮಟ್ಟಿಗೆ ಹೀಗೆ ಶುರು ಮಾಡಬಹುದು. ಹನ್ನೊಂದರ ಫೋನ್ ಮುಗಿಸಿ ಹನ್ನೊಂದೂಕಾಲಿಗೆ ಮಲಗಿ, ಐದೂವರೆಗೆ ಏಳಿ. ಬೆಳಕು ಹರಿದ ಕೂಡಲೇ ಅಂಗಳಕ್ಕೆ ಬಂದು ಬೆಳಕಿಗೆ ಮುಖ ಕೊಡಿ. ದೇಹದ ಗಡಿಯಾರಕ್ಕೆ ಅದರಷ್ಟು ನಿಖರವಾದ ಸೂಚನೆ ಬೇರೆ ಇಲ್ಲ. ಮಧ್ಯಾಹ್ನ ಎರಡರ ಮೇಲೆ ಚಹಾ, ಕಾಫಿ ಬೇಡ. ಕೆಫೀನಿನ ಅರ್ಧ ಪಾಲು ಐದು ಗಂಟೆ ಕಳೆದರೂ ರಕ್ತದಲ್ಲಿ ಉಳಿದಿರುತ್ತದೆ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಬಹುಪಾಲು, ಎಂದರೆ ನೂರಕ್ಕೆ 85ರಷ್ಟು, ನಿಜವಾಗಿ ನಿದ್ದೆಯಾದ ವಾರದಿಂದ ಕಾಲು ಗಂಟೆ ಬೇಗ ಮಲಗಿ. ಮಲಗುವ ಸಮಯವನ್ನು ಆರು ಗಂಟೆಗಿಂತ ಕೆಳಗೆ ಮಾತ್ರ ಇಳಿಸಬೇಡಿ. ನಿಮ್ಮ ರಾತ್ರಿಯಲ್ಲಿ ಅತ್ತೆಯ ಚಾಕರಿಯೂ ಸೇರಿದೆ. ಅಪಸ್ಮಾರ ಇರುವವರು, ಬೈಪೋಲಾರ್ ಕಾಯಿಲೆ ಇರುವವರು ಇದನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು.

ಅತ್ತೆಯ ಮಾತು ಬಂತಲ್ಲ, ಅದನ್ನು ಯಾವ ಗುಂಪೂ ನಿಮಗೆ ಬಗೆಹರಿಸಿಕೊಡುವುದಿಲ್ಲ. ಮೂರು ಸಲ ಎಬ್ಬಿಸಿದರೆ ಯಾರಿಗಾದರೂ ನಿದ್ದೆ ಕೆಡುತ್ತದೆ, ಅದು ನಿಮ್ಮ ಕಾಯಿಲೆಯಲ್ಲ. ಅತ್ತೆಗೆ ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ಇದೆಯೆ ನೋಡಿ. ಸಂಜೆ ಕೊಡುತ್ತಿದ್ದರೆ ಬೆಳಗ್ಗೆಗೆ ಬದಲಾಯಿಸಬಹುದೆ ಎಂದು ಅವರ ಡಾಕ್ಟರನ್ನು ಕೇಳಿ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟರೆ ಬಾತ್‌ರೂಮಿನ ತನಕ ನಡೆಸುವ ಕೆಲಸವೂ, ಬೀಳುವ ಭಯವೂ ಕಡಿಮೆ. ನಾದಿನಿಯೋ ಮೈದುನನ ಹೆಂಡತಿಯೋ ಹತ್ತಿರದಲ್ಲಿದ್ದರೆ ವಾರಕ್ಕೆ ಎರಡು ರಾತ್ರಿ ಬಂದು ಮಲಗಲಿ. ಅದನ್ನು ನೀವು ಕೇಳಲಾರಿರಿ, ಗೊತ್ತು. ನಿಮ್ಮ ಯಜಮಾನರು ಕೇಳಲಿ. ತಮ್ಮ ತಾಯಿಗಾಗಿ ತಮ್ಮ ತಂಗಿಯನ್ನು ಕೇಳುವುದು ಅವರ ಕರ್ತವ್ಯ, ಅದಕ್ಕೆ ಊರಿನಲ್ಲೇ ಇರಬೇಕಾಗಿಲ್ಲ.

ಅವರ ಹನ್ನೊಂದರ ಫೋನ್ ನಿಲ್ಲಿಸಿ ಎನ್ನುವುದಿಲ್ಲ. ದಿನವಿಡೀ ದುಡಿದು ಕೋಣೆಗೆ ಬಂದವರಿಗೆ ನಿಮ್ಮ ದನಿ ಬೇಕು, ನಿಮಗೂ ಬೇಕು. ಸಾಲದ ಮಾತು, ಮದುವೆ ಖರ್ಚಿನ ಮಾತು ಮಾತ್ರ ಆ ಹೊತ್ತಿಗೆ ಬೇಡ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರ ರಜೆಯ ದಿನ ಬೆಳಗ್ಗೆ ಅವರಿಗೆ ಎಂಟೂವರೆಯಾದಾಗ ನಿಮಗೆ ಹತ್ತು ಗಂಟೆ, ಮನೆಗೆಲಸ ಒಂದು ಹಂತಕ್ಕೆ ಬಂದಿರುತ್ತದೆ. ದುಡ್ಡಿನ ಲೆಕ್ಕವನ್ನೆಲ್ಲ ಆಗ ಪೆನ್ನು ಪುಸ್ತಕ ಹಿಡಿದೇ ಮಾತಾಡಿ.

ಇನ್ನು ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಅದೇ. ಅಲ್ಪ್ರಜೋಲಾಂ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ, ಎಚ್1 ಅನುಸೂಚಿಯ ಔಷಧ. ಅರ್ಧ ಮಾತ್ರೆ ಒಂದಾದದ್ದು ದೇಹ ಅದಕ್ಕೆ ಒಗ್ಗಿಹೋದ ಗುರುತು. ನಾಲ್ಕು ಗಂಟೆಯ ಎದೆಬಡಿತದಲ್ಲಿ ಮಾತ್ರೆಯ ಬಲ ಇಳಿಯುವುದರದ್ದೂ ಪಾಲಿರಬಹುದು. ಆದರೆ ದಯವಿಟ್ಟು ಕೇಳಿ: ಮಗಳು ಬೈದಳೆಂದು ನಾಳೆಯೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಒಮ್ಮೆಲೆ ಬಿಟ್ಟರೆ ಗಾಬರಿ ಇಮ್ಮಡಿಯಾಗುತ್ತದೆ, ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಎಷ್ಟು, ಎಷ್ಟು ದಿನಕ್ಕೊಮ್ಮೆ ಇಳಿಸಬೇಕೆಂದು ವೈದ್ಯರೇ ಹೇಳಬೇಕು. ನೀವು ಸೇರುವ ಗುಂಪಿನ ವೈದ್ಯರಿಗೂ ಇದನ್ನು ಮೊದಲೇ ತಿಳಿಸಿ. 25 ಮಾರ್ಚ್ 2020ರಂದು ಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಾದಕ ಮತ್ತು ಮನೋಪರಿಣಾಮಿ ಔಷಧಗಳ ಕಾಯ್ದೆಗೆ ಒಳಪಟ್ಟ ಮಾತ್ರೆಗಳನ್ನು, ಕೆಲವು ಅಪವಾದ ಬಿಟ್ಟು, ದೂರದಿಂದ ಬರೆದುಕೊಡುವಂತಿಲ್ಲ. ಹಾಗಾಗಿ ಮಾತ್ರೆಯ ವಿಚಾರಕ್ಕೆ ಒಬ್ಬ ವೈದ್ಯರನ್ನು ಎದುರಿಗೇ ನೋಡಬೇಕು, ಪರದೆ ಸಾಲದು.

ಎದುರಿಗೆ ನೋಡಲು ಇನ್ನೊಂದು ಕಾರಣವೂ ಇದೆ. 47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬಿಸಿ ಏರಿಕೆ ರಾತ್ರಿ ಎಬ್ಬಿಸುತ್ತದೆ. ಥೈರಾಯ್ಡ್ ಹೆಚ್ಚಾದರೆ ಎದೆ ಡವಡವ ಎನ್ನುತ್ತದೆ. ಕಬ್ಬಿಣದ ಅಂಶ ಕಡಿಮೆಯಾದರೆ ಮಲಗಿದ ಮೇಲೆ ಕಾಲು ನಿಲ್ಲದೆ ಎಳೆಯುತ್ತದೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ. ಬೆಳಗಿನ ಜಾವದ ಎಚ್ಚರದ ಜೊತೆ ಯಾವುದರಲ್ಲೂ ಆಸೆಯಿಲ್ಲದ ಹಾಗೆ ಆಗಿದ್ದರೆ ಖಿನ್ನತೆಯನ್ನೂ ನೋಡಬೇಕು. ಇವನ್ನೆಲ್ಲ ಪರೀಕ್ಷೆಯಿಲ್ಲದೆ ಗುಂಪಿನಲ್ಲಿ ಊಹಿಸಲಾಗದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ಮಾಡಿದ ಏರ್ಪಾಡಿಗೆ ಮನೋಚೈತನ್ಯ ಎಂದು ಹೆಸರು. ಹೋಗುವ ಮುನ್ನ ಕಾರ್ಕಳದ ಆಸ್ಪತ್ರೆಗೆ ಫೋನ್ ಮಾಡಿ ದಿನ ಖಚಿತಪಡಿಸಿಕೊಳ್ಳಿ. ಅಲ್ಲಿಗೆ ಬೇಡವೆನಿಸಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅದೂ ಸಂಕೋಚವಾದರೆ ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ. ಬಿಪಿ ನೋಡಿಸಲು ಹೋದೆ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಅಲ್ಲಿ ನಿದ್ದೆಯ ವಿಷಯವನ್ನೂ ಮಾತ್ರೆಯ ವಿಷಯವನ್ನೂ ಮುಚ್ಚಿಡದೆ ಹೇಳಿ.

ಗುಂಪಿಗೆ ಹಣ ಕಟ್ಟುವ ಮೊದಲು ವಿಚಾರಿಸಲು ಹೇಳಿದೆನಲ್ಲ, ಅದನ್ನು ಮಗಳ ಕೈಯಲ್ಲಿ ಮಾಡಿಸಿ. ನಡೆಸುವವರು ನಿಜವಾದ ವೈದ್ಯರೋ, ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆಗಿದ್ದಾರೋ? ವೈದ್ಯರ ನೋಂದಣಿ ಸಂಖ್ಯೆ ತೋರಿಸುವುದು ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕಡ್ಡಾಯ, ಕೇಳಲು ಸಂಕೋಚ ಬೇಡ. ಗುಂಪಿಗೆ ಸೇರಿಸುವ ಮೊದಲು ನಿಮ್ಮೊಬ್ಬರ ಜೊತೆ ಒಂದು ಸಲವಾದರೂ ಪ್ರತ್ಯೇಕ ಮಾತುಕತೆ ಇದೆಯೋ? ಇಲ್ಲದಿದ್ದರೆ ಆ ಗುಂಪು ಬೇಡ. ಅಧಿವೇಶನವನ್ನು ರೆಕಾರ್ಡ್ ಮಾಡುತ್ತಾರೋ? ಮಾಡುತ್ತಾರೆಂದರೂ ಬೇಡ. ವಾಟ್ಸಾಪ್ ಗುಂಪಿಗೆ ಎಲ್ಲರನ್ನೂ ಸೇರಿಸುತ್ತಾರೋ? ಸೇರಿಸಿದರೆ ನಿಮ್ಮ ನಂಬರ್ ಒಂಬತ್ತು ಜನರ ಕೈಗೆ ಹೋಯಿತು ಎಂದೇ ಅರ್ಥ. ನಿಮಗೆ ಮಾತ್ರ ಸಂದೇಶ ಕಳುಹಿಸಲು ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ಚಿಕಿತ್ಸೆ ಕೊಡುವವರು ಅದಕ್ಕೆ ಬದ್ಧರು. ಗುಂಪಿನ ಇತರ ಸದಸ್ಯರ ಮೇಲೆ ಅಂಥ ಬಿಗಿ ಇಲ್ಲ. ಅದಕ್ಕಾಗಿ ಹೊರಗೆ ಮಾತಾಡುವುದಿಲ್ಲವೆಂದು ಆರಂಭದಲ್ಲೇ ಎಲ್ಲರಿಂದ ಒಪ್ಪಿಗೆ ಪಡೆಯುವ ವೈದ್ಯರನ್ನು ಆರಿಸಿಕೊಳ್ಳಿ. ಉಡುಪಿ, ದಕ್ಷಿಣ ಕನ್ನಡದವರು ಯಾರಾದರೂ ಇದ್ದಾರೋ ಎಂದು ಮೊದಲೇ ಕೇಳಿ, ಇದ್ದರೆ ಬೇರೆ ತಂಡಕ್ಕೆ ಹಾಕಿರೆಂದು ಹೇಳಬಹುದು. ಪರದೆಯ ಮೇಲೆ ಪೂರ್ತಿ ಹೆಸರು ಬೇಡ. ವೈದ್ಯರ ದಾಖಲೆಯಲ್ಲಿ ನಿಮ್ಮ ನಿಜ ಹೆಸರಿದ್ದರೆ ಸಾಕು, ಉಳಿದವರಿಗೆ ಒಂದಕ್ಷರ ಸಾಕು.

ಭಾಷೆಯನ್ನೂ ಕೇಳಿಕೊಳ್ಳಿ. ಬೆಂಗಳೂರಿನ ಗುಂಪುಗಳು ಕನ್ನಡದಲ್ಲಿ ಶುರುವಾಗಿ ಇಂಗ್ಲಿಷಿಗೆ ಜಾರುವುದುಂಟು. ರಾತ್ರಿ ನಾಲ್ಕು ಗಂಟೆಗೆ ಮನಸ್ಸಿಗೆ ಬರುವ ಮಾತನ್ನು ಕಲಿತ ಭಾಷೆಯಲ್ಲಿ ಹೇಳಲು ಹೋದರೆ ಅರ್ಧ ಒಳಗೇ ಉಳಿಯುತ್ತದೆ. ಪೂರ್ತಿ ಕನ್ನಡದಲ್ಲಿ ನಡೆಯುವ ತಂಡವೇ ಬೇಕೆಂದು ಕೇಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರಾದರೆ ಪ್ರತ್ಯೇಕ ಮಾತುಕತೆಗೆ ಆ ಭಾಷೆ ಬಲ್ಲವರನ್ನು ಇಲ್ಲಿಯೇ ಹುಡುಕಿಕೊಳ್ಳಬಹುದು.

ಮನೆಯೊಳಗಿನ ಗುಟ್ಟು ಇನ್ನೊಂದು ತೊಡಕು. ಪರದೆಯಾಚೆಯವರಿಗೆ ನೀವು ಯಾರೆಂದು ಗೊತ್ತಿಲ್ಲದಿದ್ದರೂ ಗೋಡೆಯಾಚೆಯ ಅತ್ತೆಗೆ ಕೇಳುತ್ತದೆ. ಇಯರ್‌ಫೋನ್ ಹಾಕಿದರೆ ಗುಂಪಿನವರ ಮಾತು ಹೊರಗೆ ಬರದು, ನಿಮ್ಮದು ಬರುತ್ತದೆ. ಅತ್ತೆಯ ಬಗ್ಗೆ ಹೇಳಬೇಕಾದ ಆಯಾಸವನ್ನು ಅವರ ಕಿವಿಗೆ ಬೀಳಿಸಿ ನೋಯಿಸುವುದೂ ಬೇಡ. ಸಂಜೆ ಅವರು ಟಿವಿ ನೋಡುವ ಹೊತ್ತಿನ ತಂಡ ಆರಿಸಿ, ಮಾಳಿಗೆಯ ಕೋಣೆಯೋ ಹಿತ್ತಿಲಿನ ಕಡೆಯ ಜಾಗವೋ ನೋಡಿಕೊಳ್ಳಿ, ನೆಟ್‌ವರ್ಕ್ ಅಲ್ಲಿ ಸಿಗುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿ. ಮಗನಿಗೆ ವಿಷಯ ತಿಳಿಸಿ. ಪಿಯುಸಿ ಓದುವ ಹುಡುಗ ಇಷ್ಟು ತಿಂಗಳಲ್ಲಿ ನಿಮ್ಮ ಕಣ್ಣು ನೋಡಿಯೇ ಅರ್ಧ ಊಹಿಸಿರುತ್ತಾನೆ. ಅಜ್ಜಿಯ ಜೊತೆ ಒಂದೂವರೆ ಗಂಟೆ ಕೂರುವುದು ಅವನಿಗೆ ಹೊರೆಯಾಗದು.

ಸಂಬಂಧದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ನಿದ್ದೆಯಿಲ್ಲದ್ದಕ್ಕೆ ಚಿಕಿತ್ಸೆ ಪಡೆದದ್ದನ್ನು ಯಾರಿಗೂ ಹೇಳುವ ಬಾಧ್ಯತೆ ನಿಮಗಿಲ್ಲ, ಮಗಳಿಗೂ ಇಲ್ಲ. ಚಿಕಿತ್ಸೆ ಪಡೆಯದೆ ಮಾತ್ರೆ ಒಂದರಿಂದ ಎರಡಾಗಿ, ಮದುವೆಯ ಓಡಾಟದ ನಡುವೆ ನೀವು ಕುಸಿದರೆ ಅದನ್ನು ಯಾರಿಂದಲೂ ಮುಚ್ಚಿಡಲಾಗದು.

ಗುಂಪು ಶುರುವಾಗುವ ತನಕ ಕಾಯುವ ರಾತ್ರಿಗಳಿಗೆ 14416 ನೆನಪಿರಲಿ. ಇದು 10 ಅಕ್ಟೋಬರ್ 2022ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಸಾಕು ಎಂಬ ಯೋಚನೆ ಒಂದು ಕ್ಷಣ ಬಂದು ಹೋದರೂ ಬೆಳಗಾಗಲಿ ಎಂದು ಕಾಯದೆ ಆಗಲೇ ಕರೆ ಮಾಡಿ, ಮಗಳಿಗೂ ತಿಳಿಸಿ.

ಮೊದಲ ದಿನ ಗುಂಪಿನಲ್ಲಿ ನೀವು ಮಾತಾಡಲೇಬೇಕೆಂದಿಲ್ಲ. ಮೈಕ್ ಮುಚ್ಚಿಟ್ಟು ಕೇಳಿಸಿಕೊಂಡರೆ ಸಾಕು, ಒಳ್ಳೆಯ ವೈದ್ಯರು ಒತ್ತಾಯಿಸುವುದಿಲ್ಲ. ಮೂರು ವಾರ ಹೋಗಿ ನೋಡಿ. ಅಷ್ಟರಲ್ಲಿ ಆ ಜಾಗ ನಿಮ್ಮದಲ್ಲ ಎನಿಸಿದರೆ ಬಿಡಿ, ಒಬ್ಬೊಬ್ಬರಾಗಿಯೇ ಈ ಚಿಕಿತ್ಸೆ ಕೊಡುವವರೂ ಇದ್ದಾರೆ. ದಿನವೂ ಬೆಳಗ್ಗೆ ಎಷ್ಟಕ್ಕೆ ಮಲಗಿದ್ದು, ಸುಮಾರು ಎಷ್ಟಕ್ಕೆ ನಿದ್ದೆ ಬಂದದ್ದು, ಎಷ್ಟು ಸಲ ಎದ್ದದ್ದು, ಎಷ್ಟು ಮಾತ್ರೆ ತೆಗೆದುಕೊಂಡದ್ದು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ, ಅಂದಾಜು ಸಾಕು. ಎರಡು ವಾರದ ಆ ಪುಟಗಳನ್ನು ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಯಾವ ವೈದ್ಯರೇ ಆಗಲಿ, ಮೊದಲು ಕೇಳುವುದು ಅದನ್ನೇ.